ಮೈಸೂರಿನಿಂದ ಕೆಂಪು ಮರಳಿನ ಕರಾವಳಿಗೆ: ಗೆಳೆಯರ ಜೊತೆ ಏಳು ದಿನದ ಕಾರು ಪ್ರಯಾಣ, ಸಮಗ್ರ ಮಾರ್ಗದರ್ಶಿ

ಮರಳುಗಾಡೂ ಬೇಕು, ಕಡಲೂ ಬೇಕು ಅಂದ ಕೂಡಲೇ ಎಲ್ಲರೂ ಹೇಳುವುದು ಗುಜರಾತಿನ ಕಚ್ಛ್. ಜಾಗ ಚೆಂದವೇ, ಆದರೆ ಮೈಸೂರಿನಿಂದ ಒಂದು ಕಡೆಗೇ 1,800 ಕಿ.ಮೀ. ಮೀರುತ್ತದೆ. ಒಂದು ವಾರ ರಜೆ ಸಿಕ್ಕವರಿಗೆ ಹೋಗಿ ಬರುವುದರಲ್ಲೇ ರಜೆ ತೀರಿಹೋಗುತ್ತದೆ. ಅದೇ ಒಂದು ವಾರದಲ್ಲಿ ನಿಧಾನವಾಗಿ ನೋಡಿ ಬರಬಹುದಾದ ಒಣ ಕರಾವಳಿ ತಮಿಳುನಾಡಿನಲ್ಲಿದೆ: ಧನುಷ್ಕೋಡಿಯಿಂದ ತೂತುಕುಡಿ, ತಿರುಚೆಂದೂರು, ಮಣಪ್ಪಾಡು ದಾಟಿ ಕನ್ಯಾಕುಮಾರಿವರೆಗೆ.

ಭೂಗೋಳದ ಲೆಕ್ಕದಲ್ಲಿ ಇದು ಥಾರ್‌ನಂಥ ಮರುಭೂಮಿ ಅಲ್ಲ. ನೈಋತ್ಯ ಮುಂಗಾರು ಪಶ್ಚಿಮ ಘಟ್ಟದ ಆ ಕಡೆಯೇ ಸುರಿದು ಬರಿದಾಗುತ್ತದೆ. ಆಮೇಲೆ ಈ ಕಡೆಗೆ ನುಗ್ಗುವುದು ಬರೀ ಒಣ ಗಾಳಿ. ಆ ಗಾಳಿ ಆರಲ್ವಾಯ್‌ಮೊಳಿ ಕಣಿವೆಯಿಂದ ಹೊರಬಂದು ಒಳನಾಡಿನ ಕೆಂಪು ಮಣ್ಣನ್ನು ಹೊತ್ತು ತಂದು ಕಡಲಂಚಿನಲ್ಲಿ ದಿಬ್ಬ ದಿಬ್ಬವಾಗಿ ಸುರಿದಿದೆ. ಊರಿನವರು ಈ ದಿಬ್ಬಗಳಿಗೆ ‘ತೇರಿ’ ಎನ್ನುತ್ತಾರೆ. ಮರಳಿನ ಕಣಗಳ ಮೇಲೆ ಕಬ್ಬಿಣದ ಆಕ್ಸೈಡ್ ಲೇಪ ಕೂತಿರುವುದರಿಂದ ಬಣ್ಣ ಇಟ್ಟಿಗೆ ಕೆಂಪು.

ಈ ದಾರಿಯಲ್ಲಿ ದೂರ ದೊಡ್ಡ ಸಮಸ್ಯೆಯಲ್ಲ. ತೊಂದರೆ ಕೊಡುವುದು ಮೂರು: ಬಿಸಿಲು, ಮರಳು, ಉಪ್ಪುಗಾಳಿ. ಇಡೀ ಯೋಜನೆಯನ್ನು ಬಿಸಿಲು ನೋಡಿ ಕಟ್ಟಿ. ಬೆಳಗ್ಗೆ ಒಂಬತ್ತರೊಳಗೆ ಮತ್ತು ಸಂಜೆ ನಾಲ್ಕರ ಮೇಲೆ ಕಾಲ್ನಡಿಗೆ, ನಡುಹಗಲು ಊಟ, ವಿಶ್ರಾಂತಿ ಅಥವಾ ಡಾಂಬರು ರಸ್ತೆಯ ಪ್ರಯಾಣ.

ಯಾವಾಗ ಹೋಗಬೇಕು

ಜನವರಿಯಿಂದ ಮಾರ್ಚ್ ಮೊದಲ ವಾರದವರೆಗೆ ಸರಿಯಾದ ಕಾಲ. ಅಕ್ಟೋಬರ್‌ನಿಂದ ಡಿಸೆಂಬರ್ ಈ ಕಡೆಗೆ ಹಿಂಗಾರಿನ ಮಳೆ, ಚಂಡಮಾರುತದ ಕಾಲ. 1964ರ ಡಿಸೆಂಬರ್‌ನಲ್ಲಿ ಧನುಷ್ಕೋಡಿ ಊರನ್ನೇ ಅಳಿಸಿದ್ದು ಅಂಥದ್ದೇ ಚಂಡಮಾರುತ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ತಡೆಯಲಾಗದು. ಜೂನ್‌ನಿಂದ ಆಗಸ್ಟ್‌ವರೆಗೆ ತೇರಿಯ ಮೇಲೆ ಮರಳು ಮುಖಕ್ಕೆ ರಾಚುವಷ್ಟು ಗಾಳಿ. ಮೀನೂಟದ ಆಸೆಯಿಂದ ಹೋಗುವವರು ಏಪ್ರಿಲ್ 15ರಿಂದ ಜೂನ್ 14ರವರೆಗೆ ಪೂರ್ವ ಕರಾವಳಿಯಲ್ಲಿ ಟ್ರಾಲರ್ ಮೀನುಗಾರಿಕೆಗೆ ನಿಷೇಧ ಇರುವುದನ್ನೂ ನೆನಪಿಡಿ. ಆಗ ಬಗೆ ಕಡಿಮೆ, ಬೆಲೆ ಜಾಸ್ತಿ.

ತಿರುಚೆಂದೂರಿನಲ್ಲಿ ತೈಪೂಸ ಮತ್ತು ಸ್ಕಂದ ಷಷ್ಠಿಯ ಸುತ್ತಮುತ್ತ ರೂಮು ಸಿಗುವುದಿಲ್ಲ, ರಸ್ತೆಯಲ್ಲಿ ಪಾದಯಾತ್ರಿಗಳ ಸಾಲು. ಹತ್ತಿರದ ಕುಲಶೇಖರಪಟ್ಟಣದ ಮುತ್ತಾರಮ್ಮನ್ ದೇವಸ್ಥಾನದ ದಸರಾ ಕೂಡ ಲಕ್ಷಾಂತರ ಜನ ಸೇರುವ ಹಬ್ಬ. ದಸರಾ ರಜೆಯಲ್ಲಿ ಮೈಸೂರಿನ ಜನಜಂಗುಳಿ ತಪ್ಪಿಸಿಕೊಂಡು ಅಲ್ಲಿಗೆ ಹೋದರೆ ಇನ್ನೊಂದು ದಸರಾದ ನಡುವೆ ಸಿಕ್ಕಿಕೊಳ್ಳುತ್ತೀರಿ.

ಎಷ್ಟು ಜನ, ಯಾವ ಕಾರು, ಎಷ್ಟು ಖರ್ಚು

ಐದು ಸೀಟಿನ ಕಾರಿಗೆ ನಾಲ್ಕೇ ಜನ. ಐದನೆಯವರು ಬಂದರೆ ನೀರಿನ ಕ್ಯಾನಿಗೆ ಜಾಗವಿರುವುದಿಲ್ಲ, ಹಿಂದಿನ ಸೀಟಿನ ಮಧ್ಯದಲ್ಲಿ ಕೂತವರಿಗೆ ಏಳು ದಿನವೂ ಶಿಕ್ಷೆ. ನಾಲ್ವರಲ್ಲಿ ಕನಿಷ್ಠ ಇಬ್ಬರಿಗೆ ಘಾಟಿಯಲ್ಲಿ ಓಡಿಸಿ ಅಭ್ಯಾಸವಿರಲಿ. ಎರಡು ಗಂಟೆಗೊಮ್ಮೆ ಚಾಲಕರು ಬದಲಾಗಲಿ. ರಾತ್ರಿ ಕುಡಿಯುವವರು ಮರುದಿನ ಬೆಳಗಿನ ಪಾಳಿ ಓಡಿಸಬಾರದು ಎಂಬುದನ್ನು ಹೊರಡುವ ಮೊದಲೇ ಮಾತಾಡಿಕೊಳ್ಳಿ. ದಾರಿಯಲ್ಲಿ ಹೇಳಿದರೆ ಜಗಳವಾಗುತ್ತದೆ.

ಫೋರ್ ವೀಲ್ ಡ್ರೈವ್ ಬೇಕಿಲ್ಲ. ಇಡೀ ದಾರಿ ಡಾಂಬರು, ಸಾಮಾನ್ಯ ಹ್ಯಾಚ್‌ಬ್ಯಾಕ್ ಸಾಕು. ಸ್ವಂತ ಕಾರಿಗೆ ತಮಿಳುನಾಡಿನಲ್ಲಿ ಪ್ರತ್ಯೇಕ ಪರ್ಮಿಟ್ ಬೇಡ. ಬಾಡಿಗೆಗೆ ಪಡೆದು ನೀವೇ ಓಡಿಸುವುದಾದರೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರುವ ಕಾರನ್ನೇ ಪಡೆಯಿರಿ. ತಮಿಳುನಾಡಿಗೆ ಪರ್ಮಿಟ್ ಇದೆಯೇ ಎಂದು ಮೆಸೇಜಿನಲ್ಲಿ ಕೇಳಿ ಉತ್ತರ ಉಳಿಸಿಕೊಳ್ಳಿ. ಪರಿಚಯದವರ ಬಿಳಿ ಹಲಗೆ ಕಾರಿಗೆ ಬಾಡಿಗೆ ಕೊಟ್ಟು ಒಯ್ದರೆ, ಅಪಘಾತವಾದಾಗ ವಿಮೆಯವರು ಪರಿಹಾರ ನಿರಾಕರಿಸಲು ಅದೇ ಕಾರಣ ಸಾಕು.

ಒಟ್ಟು ಓಡಾಟ ಸುಮಾರು 1,600 ಕಿ.ಮೀ. ಲೀಟರಿಗೆ 15 ಕಿ.ಮೀ. ಕೊಡುವ ಕಾರಿಗೆ 107 ಲೀಟರ್ ಪೆಟ್ರೋಲ್. ಲೀಟರಿಗೆ ನೂರು ರೂಪಾಯಿ ಹಿಡಿದರೆ 10,700 ರೂಪಾಯಿ, ತಲೆಗೆ 2,675. ಹೊರಡುವ ಮುನ್ನ ಎಲ್ಲರೂ ಸಮನಾಗಿ ಹಣ ಹಾಕಿ ಒಬ್ಬರ ಕೈಗೆ ಕೊಡಿ. ಪೆಟ್ರೋಲ್, ಟೋಲ್, ರೂಮು, ನೀರು ಇಷ್ಟು ಅದರಿಂದ ಹೋಗಲಿ, ತಿಂಡಿ ತೀರ್ಥ ಅವರವರದು. ಫಾಸ್ಟ್ಯಾಗ್‌ನಲ್ಲಿ ಸಾಕಷ್ಟು ಹಣವಿರಲಿ.

ಹೊರಡುವ ವಾರ ಕಾರಿಗೆ ಮಾಡಬೇಕಾದ್ದು

ಕೂಲಂಟ್ ಮಟ್ಟವನ್ನು ಎಂಜಿನ್ ತಣ್ಣಗಿರುವಾಗ ನೋಡಿ. ಬ್ರೇಕ್ ಪ್ಯಾಡ್ ತೆಳುವಾಗಿದ್ದರೆ ಈಗಲೇ ಬದಲಿಸಿ, ಮೊದಲ ದಿನವೇ ದಿಂಬಂ ಘಾಟಿ ಇಳಿಯಬೇಕು. ಬ್ಯಾಟರಿ ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಸವರಿ, ಉಪ್ಪುಗಾಳಿಗೆ ಅದು ಬೇಗ ಹಸಿರುಗಟ್ಟುತ್ತದೆ. ಸ್ಟೆಪ್ನಿಯ ಗಾಳಿಯನ್ನು ಹೆಚ್ಚಿನವರು ನೋಡುವುದೇ ಇಲ್ಲ. ನೋಡಿ.

ಡಿಕ್ಕಿಯಲ್ಲಿ ಇರಲೇಬೇಕಾದವು: 12 ವೋಲ್ಟ್‌ನ ಗಾಳಿ ತುಂಬುವ ಪಂಪು, ಗಾಳಿಯ ಒತ್ತಡ ನೋಡುವ ಗೇಜ್, ಟ್ಯೂಬ್‌ಲೆಸ್ ಪಂಕ್ಚರ್ ಕಿಟ್, ಗಿಡ್ಡ ಹಿಡಿಯ ಸಲಿಕೆ, ಎಳೆಯುವ ಹಗ್ಗ, ಒಂದು ಅಡಿ ಚದರದ ದಪ್ಪ ಮರದ ಹಲಗೆ. ಮರಳಿನ ಮೇಲೆ ಜಾಕ್ ಇಟ್ಟರೆ ಕಾರು ಮೇಲೇಳುವ ಬದಲು ಜಾಕೇ ಕೆಳಗಿಳಿಯುತ್ತದೆ, ಹಲಗೆ ಅದಕ್ಕಾಗಿ. ಪಂಕ್ಚರ್ ಕಿಟ್ ಏಕೆಂದರೆ ರಾಮನಾಥಪುರದಿಂದಾಚೆ ರಸ್ತೆಯ ಎರಡೂ ಬದಿ ಬಳ್ಳಾರಿ ಜಾಲಿ. ಅದರ ಮುಳ್ಳು ಟಯರನ್ನು ತೂರಿ ಹೋಗುವಷ್ಟು ಗಟ್ಟಿ. ನೆರಳಿದೆ ಎಂದು ಜಾಲಿಯ ಕೆಳಗೆ ಕಾರು ನಿಲ್ಲಿಸಬೇಡಿ.

ನೀರು ತಲೆಗೆ ದಿನಕ್ಕೆ ನಾಲ್ಕು ಲೀಟರ್. ನಲ್ಲಿಯಿರುವ 20 ಲೀಟರ್ ಕ್ಯಾನ್ ಒಂದನ್ನು ಇಟ್ಟುಕೊಂಡು ಪ್ರತಿ ಊರಲ್ಲೂ ತುಂಬಿಸಿ. ತಮಿಳುನಾಡಿನಲ್ಲಿ 2019ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್‌ಗೆ ನಿಷೇಧವಿದೆ, ಸ್ಟೀಲ್ ಬಾಟಲಿ ಒಯ್ಯಿರಿ. ಒಆರ್‌ಎಸ್ ಪೊಟ್ಟಣ ಹತ್ತಾದರೂ ಇರಲಿ. ಮುಗಿದುಹೋದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಇದಕ್ಕಿಂತ ಹೆಚ್ಚಾಗಬಾರದು.

ಒಂದನೇ ದಿನ: ದಿಂಬಂ ದಾಟಿ ಮಧುರೈ, ಸುಮಾರು 370 ಕಿ.ಮೀ.

ಮೈಸೂರಿನವರಿಗೆ ನಂಜನಗೂಡು, ಚಾಮರಾಜನಗರ, ಪುಣಜನೂರು, ಹಾಸನೂರು, ದಿಂಬಂ, ಬಣ್ಣಾರಿ, ಸತ್ಯಮಂಗಲ. ಮಂಡ್ಯದವರು ಮೈಸೂರಿಗೆ ಬರುವ ಅಗತ್ಯವಿಲ್ಲ. ಮಳವಳ್ಳಿ, ಕೊಳ್ಳೇಗಾಲ, ಯಳಂದೂರಿನ ಮೇಲೆ ಚಾಮರಾಜನಗರ ಸೇರಬಹುದು. ಊಟಿ ದಾರಿ ಬೇಡ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧ, ನೀಲಗಿರಿಗೆ ಇ-ಪಾಸ್, ಮೇಲಾಗಿ ಸುತ್ತು.

ಬೆಳಗ್ಗೆ ಐದಕ್ಕೆ ಬಿಟ್ಟರೆ ಬೆಳಕು ಹರಿದ ಮೇಲೆ ಕಾಡು ಸಿಗುತ್ತದೆ. ಇಲ್ಲಿಯೂ ರಾತ್ರಿ ಸಂಚಾರಕ್ಕೆ ನಿರ್ಬಂಧಗಳಿವೆ, ಕತ್ತಲಲ್ಲಿ ಈ ದಾರಿಯನ್ನು ಲೆಕ್ಕಕ್ಕೇ ಇಟ್ಟುಕೊಳ್ಳಬೇಡಿ. ಹಾಸನೂರು, ಕಾರಪಳ್ಳದ ಸುತ್ತ ಕಬ್ಬಿನ ಲಾರಿ ಬರುವುದನ್ನೇ ಆನೆಗಳು ರಸ್ತೆ ಬದಿಯಲ್ಲಿ ಕಾಯುತ್ತವೆ. ಲಾರಿ ನಿಧಾನವಾಗುತ್ತಲೇ ಸೊಂಡಿಲು ಚಾಚಿ ಜಲ್ಲೆ ಎಳೆದುಕೊಳ್ಳುತ್ತವೆ. ಮುಂದೆ ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ, ಎಂಜಿನ್ ಆರಿಸಬೇಡಿ, ಹಾರ್ನ್ ಬೇಡ, ಇಳಿಯಲೇಬೇಡಿ. ಹಿಂದಕ್ಕೆ ಸರಿಯಲು ಜಾಗವಿರುವಂತೆ ಲಾರಿಯಿಂದ ಅಂತರ ಬಿಡಿ.

ದಿಂಬಂನಲ್ಲಿ 27 ತಿರುವು, ನಮ್ಮ ಕಡೆಯಿಂದ ಹೋದರೆ ಪೂರ್ತಿ ಇಳಿಜಾರು. ಎರಡನೇ ಗೇರಿನಲ್ಲೇ ಇಳಿಯಿರಿ. ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಪ್ಯಾಡ್ ಕಾದು ಹಿಡಿತ ಸಡಿಲವಾಗುತ್ತದೆ. ಸುಟ್ಟ ವಾಸನೆ ಬಂದರೆ ಅಗಲವಾದ ಜಾಗದಲ್ಲಿ ನಿಲ್ಲಿಸಿ ತಣಿಯಲು ಬಿಡಿ, ನೀರು ಹೊಯ್ಯಬೇಡಿ. ಉದ್ದದ ಲಾರಿಗೆ ತಿರುವಿನಲ್ಲಿ ಪೂರಾ ರಸ್ತೆ ಬೇಕು. ಅದು ಕಂಡ ಕೂಡಲೇ ತಿರುವಿಗೆ ಮೊದಲೇ ನಿಂತು ಏರುವವರಿಗೆ ದಾರಿ ಬಿಡಿ.

ಸತ್ಯಮಂಗಲದಲ್ಲಿ ತಿಂಡಿ. ಮುಂದೆ ಗೋಬಿಚೆಟ್ಟಿಪಾಳ್ಯ, ಧಾರಾಪುರ, ಒಟ್ಟನ್‌ಚತ್ರಂ, ದಿಂಡಿಗಲ್. ಮಧ್ಯಾಹ್ನ ಮೂರರ ಸುಮಾರಿಗೆ ಮಧುರೈ ಸೇರುತ್ತೀರಿ. ರಿಂಗ್ ರಸ್ತೆಯ ಹತ್ತಿರ ರೂಮು ಮಾಡಿ ಆಟೋದಲ್ಲಿ ಊರೊಳಗೆ ಹೋಗುವುದು ಜಾಣತನ, ದೇವಸ್ಥಾನದ ಸುತ್ತ ಪಾರ್ಕಿಂಗ್ ಹುಡುಕುವುದು ಹಿಂಸೆ.

ಎರಡನೇ ದಿನ: ಪಾಂಬನ್, ಧನುಷ್ಕೋಡಿ

ಮಧುರೈನಿಂದ ರಾಮೇಶ್ವರಕ್ಕೆ ಸುಮಾರು 170 ಕಿ.ಮೀ., ಮಾನಾಮಧುರೈ, ಪರಮಕುಡಿ, ರಾಮನಾಥಪುರದ ಮೇಲೆ. ಪಾಂಬನ್ ರಸ್ತೆ ಸೇತುವೆಯ ಮೇಲೆ ಕಾರು ನಿಲ್ಲಿಸಬೇಡಿ. 2025ರ ಏಪ್ರಿಲ್‌ನಲ್ಲಿ ಉದ್ಘಾಟನೆಯಾದ ಹೊಸ ರೈಲು ಸೇತುವೆಯನ್ನು ನೋಡಲು ಸೇತುವೆ ದಾಟಿ, ಇಳಿದು ನಡೆದು ಬನ್ನಿ.

ರಾಮೇಶ್ವರದಲ್ಲಿ ರೂಮು, ಊಟ, ನಿದ್ದೆ. ಎರಡೂವರೆಗೆ ಹೊರಟರೆ ಬಿಸಿಲು ಇಳಿಯುವ ಹೊತ್ತಿಗೆ ಧನುಷ್ಕೋಡಿಯ ತುತ್ತತುದಿ ಅರಿಚಲ್‌ಮುನೈ. ಸಂಜೆಯಾಗುವ ಮೊದಲೇ ಚೆಕ್‌ಪೋಸ್ಟ್‌ನಲ್ಲಿ ಒಳಬಿಡುವುದು ನಿಲ್ಲುತ್ತದೆ. ಆ ದಿನದ ಸಮಯವನ್ನು ಲಾಡ್ಜಿನಲ್ಲೇ ಕೇಳಿ ಹೊರಡಿ. ಎರಡು ಕಡಲ ನಡುವೆ ಕಿರಿದಾದ ಮರಳಿನ ಪಟ್ಟಿ, ಅದರ ಮೇಲೆ ನೇರ ರಸ್ತೆ. ಒಂದು ಬದಿ ಮನ್ನಾರ್ ಕೊಲ್ಲಿ, ಇನ್ನೊಂದು ಬದಿ ಪಾಲ್ಕ್ ಕೊಲ್ಲಿ. ರಸ್ತೆ ಖಾಲಿ ಕಂಡರೂ 40ರ ವೇಗ ಮೀರಬೇಡಿ. ಗಾಳಿ ತಂದ ಮರಳು ಡಾಂಬರಿನ ಮೇಲೆ ತೆಳ್ಳಗೆ ಹರಡಿರುತ್ತದೆ, ಅದರ ಮೇಲೆ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಕಾರು ಜಾರುತ್ತದೆ.

ಕಾರಿನ ಮೂತಿ ಗಾಳಿ ಬರುವ ಕಡೆಗಿರುವಂತೆ ನಿಲ್ಲಿಸಿ. ಗಾಳಿ ಹಿಂದಿನಿಂದ ಬೀಸುತ್ತಿದ್ದರೆ ಬಾಗಿಲು ತೆರೆದ ಕೂಡಲೇ ಕೈಯಿಂದ ಕಿತ್ತುಕೊಂಡು ಹಿಂಜ್ ತಿರುಚಿಹೋಗುತ್ತದೆ. ತುದಿಯಲ್ಲಿ ನೀರಿಗಿಳಿಯಬೇಡಿ. ಎರಡು ಕಡೆಯ ಸೆಳೆತ ಸೇರುವ ಜಾಗ, ಈಜು ಬಲ್ಲವರನ್ನೂ ಎಳೆದೊಯ್ಯುತ್ತದೆ. ಫೋನ್ ಶ್ರೀಲಂಕಾದ ನೆಟ್‌ವರ್ಕ್ ಹಿಡಿಯಬಹುದು, ರೋಮಿಂಗ್ ಮೊದಲೇ ಆಫ್ ಮಾಡಿ. ಹವಳದ ಚೂರನ್ನು ಜೇಬಿಗೆ ಹಾಕಿಕೊಳ್ಳಬೇಡಿ. ಹವಳ, ಕಡಲಸೌತೆ, ಕಡಲಕುದುರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುತ್ತವೆ.

ಕಾರು ಮರಳಿನಲ್ಲಿ ಹೂತರೆ

ಧನುಷ್ಕೋಡಿಯಲ್ಲೂ ಮುಂದಿನ ಕರಾವಳಿ ರಸ್ತೆಯಲ್ಲೂ ಆಗುವುದು ಇದೇ. ಫೋಟೋಗೆಂದು ಎಡಕ್ಕೆ ಎರಡು ಚಕ್ರ ಇಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಮೇಲಿನ ಪದರ ಗಟ್ಟಿಯಾಗಿ ಕಾಣುತ್ತದೆ, ಕೆಳಗೆ ಹಿಟ್ಟಿನಂಥ ಮರಳು. ಆಗ ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತುವುದೇ ದೊಡ್ಡ ತಪ್ಪು. ಚಕ್ರ ತಿರುಗಿದಷ್ಟೂ ತನ್ನ ಗುಂಡಿ ತಾನೇ ತೋಡಿಕೊಂಡು ಕೊನೆಗೆ ಕಾರಿನ ಹೊಟ್ಟೆ ಮರಳಿಗೆ ಕೂರುತ್ತದೆ. ಕ್ರಮ ಹೀಗಿರಲಿ:

1. ಚಕ್ರ ಜಾರುತ್ತಿದೆ ಅನ್ನಿಸಿದ ಕ್ಷಣ ಕಾಲು ತೆಗೆಯಿರಿ. ಸ್ಟೀರಿಂಗ್ ನೇರ ಮಾಡಿ. ಚಾಲಕರ ಹೊರತು ಎಲ್ಲರೂ ಇಳಿಯಿರಿ, ಭಾರದ ಸಾಮಾನು ಇಳಿಸಿ.

2. ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುವುದನ್ನು ಮೊದಲು ನೋಡಿ. ನಿಮ್ಮ ಚಕ್ರ ಒತ್ತಿ ಬಂದ ಮರಳು ಮುಂದಿನದಕ್ಕಿಂತ ಗಟ್ಟಿ.

3. ಆಗದಿದ್ದರೆ ನಾಲ್ಕೂ ಟಯರಿನ ಗಾಳಿ ಇಳಿಸಿ. ಸಾಮಾನ್ಯವಾಗಿ 32, 33 ಪಿಎಸ್‌ಐ ಇರುತ್ತದೆ, ಅದನ್ನು 20ಕ್ಕೆ ತನ್ನಿ. ತೀರಾ ಬೇಕಾದರೆ 18. ಅದಕ್ಕಿಂತ ಕೆಳಗೆ ಹೋದರೆ ಟ್ಯೂಬ್‌ಲೆಸ್ ಟಯರು ರಿಮ್ ಬಿಟ್ಟುಕೊಡುವ ಭಯ. ಗಾಳಿ ಇಳಿದ ಟಯರು ಅಗಲವಾಗಿ ಹರಡಿ ಮರಳಿನ ಮೇಲೆ ತೇಲುತ್ತದೆ. ಒಟ್ಟು ಕೆಲಸದ ಅರ್ಧ ಇದೇ.

4. ಹೋಗಬೇಕಾದ ದಿಕ್ಕಿಗೆ ಪ್ರತಿ ಚಕ್ರದ ಎದುರು ಎರಡು ಅಡಿ ಇಳಿಜಾರಾಗಿ ಮರಳು ತೆಗೆಯಿರಿ. ಹೊಟ್ಟೆ ತಾಗಿದ್ದರೆ ಅಲ್ಲೂ.

5. ಎಂಜಿನ್ನಿನ ಬಲ ಸಿಗುವ ಚಕ್ರಗಳಿಗೆ, ಹೆಚ್ಚಿನ ಕಾರುಗಳಲ್ಲಿ ಮುಂದಿನವಕ್ಕೆ, ಕಾರಿನ ರಬ್ಬರ್ ಮ್ಯಾಟ್ ಅಥವಾ ಒಣಗಿದ ತಾಳೆಗರಿ ಒತ್ತಿ ತುರುಕಿ. ಚಕ್ರ ಹಿಡಿದಾಗ ಮ್ಯಾಟ್ ಚಿಮ್ಮುತ್ತದೆ, ಅದರ ನೇರಕ್ಕೆ ಯಾರೂ ನಿಲ್ಲಬಾರದು.

6. ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಇದ್ದರೆ ಆಫ್ ಮಾಡಿ, ಅದು ಎಂಜಿನ್ನಿನ ಬಲವನ್ನು ಕತ್ತರಿಸಿಬಿಡುತ್ತದೆ. ಮುಂದಕ್ಕಾದರೆ ಎರಡನೇ ಗೇರ್, ಹಿಂದಕ್ಕಾದರೆ ರಿವರ್ಸ್. ಕ್ಲಚ್ ಅರ್ಧ ಹಿಡಿದು ಕೂರದೆ ಮೆಲ್ಲಗೆ ಪೂರ್ತಿ ಬಿಡಿ. ಉಳಿದವರು ಬಾಡಿಯ ಮೂಲೆಗೆ ಕೈಕೊಟ್ಟು ತಳ್ಳಲಿ. ಕ್ಲಚ್ ಸುಟ್ಟ ವಾಸನೆ ಬಂದರೆ ಹದಿನೈದು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸಿ.

7. ಎದ್ದ ಮೇಲೆ ಡಾಂಬರು ಸಿಗುವವರೆಗೆ ನಿಲ್ಲಿಸಬೇಡಿ. ಡಾಂಬರಿನ ಮೇಲೆ ಕೂಡಲೇ 33ಕ್ಕೆ ಗಾಳಿ ತುಂಬಿ. ಕಡಿಮೆ ಗಾಳಿಯಲ್ಲಿ ವೇಗವಾಗಿ ಓಡಿಸಿದರೆ ಟಯರಿನ ಪಕ್ಕ ಕಾದು ಸಿಡಿಯುತ್ತದೆ.

ಬೇರೆ ವಾಹನದಿಂದ ಎಳೆಸುವುದಾದರೆ ಹಗ್ಗವನ್ನು ಬಂಪರಿಗೆ ಕಟ್ಟಬೇಡಿ. ಬಂಪರಿನ ಸಣ್ಣ ಮುಚ್ಚಳದ ಹಿಂದೆ ಕೊಕ್ಕೆ ತಿರುಪುವ ತೂತಿರುತ್ತದೆ, ಕೊಕ್ಕೆ ಸ್ಟೆಪ್ನಿಯ ಹತ್ತಿರ ಇರುತ್ತದೆ. ಅದು ಎಲ್ಲಿದೆ ಎಂದು ಮನೆಯಲ್ಲೇ ಹುಡುಕಿಟ್ಟುಕೊಳ್ಳಿ.

ಮೂರನೇ ದಿನ: ಉಪ್ಪಿನ ಗದ್ದೆಗಳ ದಾರಿ, ತೂತುಕುಡಿಗೆ 180 ಕಿ.ಮೀ.

ಹೊರಡುವ ಮುನ್ನ ಸರ್ವಿಸ್ ಸ್ಟೇಷನ್ನಿನಲ್ಲಿ ಕಾರಿನ ತಳಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಡೀಸೆಲ್ ಸ್ಪ್ರೇ ಮಾಡುತ್ತೇವೆ ಎಂದರೆ ಬೇಡ ಅನ್ನಿ, ರಬ್ಬರ್ ಬುಷ್‌ಗಳು ಹಾಳಾಗುತ್ತವೆ. ಗಾಜಿನ ಮೇಲೆ ಉಪ್ಪಿನ ಪೊರೆ ಕೂತಿರುತ್ತದೆ; ಒಣ ವೈಪರ್ ಓಡಿಸಿದರೆ, ಒಣ ಬಟ್ಟೆಯಲ್ಲಿ ಒರೆಸಿದರೆ ಗೀರು ಖಂಡಿತ. ಮೊದಲು ನೀರು ಸುರಿದು ಮರಳು ಹರಿಸಿ, ಆಮೇಲೆ ಒರೆಸಿ.

ರಾಮನಾಥಪುರಕ್ಕೆ ವಾಪಸು ಬಂದು ಕರಾವಳಿ ರಸ್ತೆ ಹಿಡಿಯಿರಿ: ಕೀಳಕರೈ, ಏರ್ವಾಡಿ, ಸಾಯಲ್‌ಕುಡಿ, ವೇಂಬಾರ್. ಊರುಗಳು ದೂರ ದೂರ, ರಾಮನಾಥಪುರದಲ್ಲೇ ಟ್ಯಾಂಕ್ ತುಂಬಿಸಿ. ಸಣ್ಣ ರಸ್ತೆಗಳ ಫಲಕ ಬಹುಪಾಲು ತಮಿಳಿನಲ್ಲಿ ಮಾತ್ರ. ಹೋಗಬೇಕಾದ ಊರುಗಳ ಹೆಸರನ್ನು ತಮಿಳು ಲಿಪಿಯಲ್ಲಿ ಫೋನಿನಲ್ಲಿಟ್ಟುಕೊಂಡರೆ ಫಲಕಕ್ಕೆ ಹೋಲಿಸಲೂ ಸುಲಭ, ಯಾರಿಗಾದರೂ ತೋರಿಸಿ ಕೇಳಲೂ ಸುಲಭ. ಮನ್ನಾರ್ ಕೊಲ್ಲಿಯ 21 ದ್ವೀಪಗಳು ರಾಷ್ಟ್ರೀಯ ಉದ್ಯಾನಕ್ಕೆ ಸೇರಿವೆ. ಇಳಿಸುತ್ತೇವೆ ಎಂದು ಕರೆಯುವ ದೋಣಿಯವರಿಗೆ ಒಪ್ಪಬೇಡಿ.

ತೂತುಕುಡಿಯ ಸುತ್ತ ಉಪ್ಪಿನ ಗದ್ದೆಗಳಲ್ಲಿ ಮಳೆಗಾಲ ಕಳೆದ ಮೇಲೆ ಕೆಲಸ ಶುರುವಾಗುತ್ತದೆ. ಬದುವಿನ ಮೇಲೆ ಹತ್ತುವ ಮೊದಲು ಕೆಲಸದವರನ್ನು ಕೇಳಿ, ಬದು ಒಡೆದರೆ ಪಾತಿಯ ಉಪ್ಪುನೀರು ಹರಿದುಹೋಗುತ್ತದೆ. ರಾತ್ರಿ ಊಟಕ್ಕೆ ಪರೋಟ ಅಂಗಡಿಗಳಿವೆ. ಗೋಡಂಬಿ ಮ್ಯಾಕರೂನ್ ಕೊಳ್ಳುವವರಿಗೆ ಎರಡು ಮಾತು: ಅದರಲ್ಲಿ ಮೊಟ್ಟೆಯ ಬಿಳಿಭಾಗವಿದೆ, ಮತ್ತು ಗಾಳಿಯಾಡಿದರೆ ಮೆತ್ತಗಾಗುತ್ತದೆ. ಸೀಲ್ ಆದ ಡಬ್ಬಿಯೇ ತಗೊಳ್ಳಿ.

ನಾಲ್ಕು, ಐದನೇ ದಿನ: ತೇರಿ, ಮಣಪ್ಪಾಡು, ಕನ್ಯಾಕುಮಾರಿ

ತೂತುಕುಡಿಯಿಂದ ತಿರುಚೆಂದೂರು ಬರೀ 40 ಕಿ.ಮೀ. ಅಲ್ಲೇ ರೂಮು ಮಾಡಿ, ಸಂಜೆ ನಾಲ್ಕಕ್ಕೆ ಕಾಯಾಮೊಳಿ, ತೇರಿಕುಡಿಯಿರುಪ್ಪು ಕಡೆಗೆ ಹೊರಡಿ. ಕರ್ಕುವೇಲ್ ಅಯ್ಯನಾರ್ ದೇವಸ್ಥಾನದ ಹತ್ತಿರ ಕಾರು ನಿಲ್ಲಿಸಿ ನಡೆಯಬಹುದು. ಕುದಿರೈಮೊಳಿ ತೇರಿ ಅರಣ್ಯ ಇಲಾಖೆಯ ಜಾಗ. ದಿಬ್ಬದ ಮೇಲೆ ಕಾರು, ಬೈಕು ಹತ್ತಿಸುವ ಯೋಚನೆಯೇ ಬೇಡ, ಬೇಲಿ ಹಾಕಿದ ಕಡೆ ನುಗ್ಗುವುದೂ ಬೇಡ.

ಇಲ್ಲಿ ದಾರಿ ತಪ್ಪುವುದು ಬಹಳ ಸುಲಭ. ಎತ್ತ ನೋಡಿದರೂ ಅದೇ ತಾಳೆಮರ, ಅದೇ ಗೋಡಂಬಿ ಗಿಡ, ಅದೇ ಕೆಂಪು. ಹೆಜ್ಜೆ ಗುರುತು ನೋಡಿಕೊಂಡು ವಾಪಸು ಬರುತ್ತೇವೆ ಎಂದರೆ ಗಾಳಿ ಅಷ್ಟರಲ್ಲಿ ಅದನ್ನು ಮುಚ್ಚಿರುತ್ತದೆ. ಕಾರಿನ ಜಾಗವನ್ನು ಮ್ಯಾಪಿನಲ್ಲಿ ಗುರುತಿಸಿ, ಆ ಪ್ರದೇಶದ ಮ್ಯಾಪ್ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ, ನಾಲ್ವರೂ ಒಟ್ಟಿಗಿರಿ, ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲೇ ತಿರುಗಿ. ಚಪ್ಪಲಿ ಬೇಡ, ಕಾಲು ಮುಚ್ಚುವ ಶೂ ಇರಲಿ. ಬಿಸಿಲಿಗೆ ಕಾದ ಮರಳು ಅಂಗಾಲು ಸುಡುತ್ತದೆ, ಮುಳ್ಳೂ ಇರುತ್ತದೆ. ತಲೆಗೆ ಬಟ್ಟೆ ಕಟ್ಟಿ, ಒಬ್ಬೊಬ್ಬರ ಕೈಯಲ್ಲೂ ಒಂದು ಲೀಟರ್ ನೀರು.

ಜೊತೆಯವರಿಗೆ ತಲೆನೋವು, ವಾಕರಿಕೆ, ಸ್ನಾಯು ಹಿಡಿತ ಬಂದರೆ ನೆರಳಿಗೆ ಕೂರಿಸಿ ಒಆರ್‌ಎಸ್ ಗುಟುಕು ಗುಟುಕಾಗಿ ಕೊಡಿ. ಮಾತು ತೊದಲಿದರೆ, ಗೊಂದಲದಲ್ಲಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಹೀಟ್ ಸ್ಟ್ರೋಕ್. ಮೈಮೇಲೆ ನೀರು ಸುರಿದು ಗಾಳಿ ಬೀಸುತ್ತಲೇ 108ಕ್ಕೆ ಕರೆ ಮಾಡಿ, ಎಚ್ಚರ ತಪ್ಪುತ್ತಿರುವವರ ಬಾಯಿಗೆ ಏನೂ ಹಾಕಬೇಡಿ.

ಐದನೇ ದಿನ ಬೆಳಗ್ಗೆ ಉಡನ್‌ಗುಡಿ. ಮಂಡ್ಯದ ಅಚ್ಚುಬೆಲ್ಲ ತಿಂದು ಬೆಳೆದವರು ಇಲ್ಲಿನ ಕರುಪ್ಪಟ್ಟಿ ನೋಡಲೇಬೇಕು. ತಾಳೆಮರದ ನೀರಾವನ್ನು ಕಾಯಿಸಿ, ತೆಂಗಿನ ಚಿಪ್ಪಿಗೆ ಹೊಯ್ದು ಆರಿಸಿದ ಬೆಲ್ಲ. ಒಂದೊಂದು ಉಂಡೆಯೂ ಅರ್ಧ ತೆಂಗಿನಕಾಯಿಯ ಆಕಾರ, ಬಣ್ಣ ಕಡುಕಂದು, ರುಚಿಯಲ್ಲಿ ಸಣ್ಣ ಹೊಗೆ. ತೇವ ಎಳೆದುಕೊಂಡು ಬೆವರುತ್ತದೆ, ಕಾಗದದಲ್ಲಿ ಸುತ್ತಿ ಡಬ್ಬಿಗೆ ಹಾಕಿ. ಬೇಸಿಗೆ ಹತ್ತಿರವಾದಾಗ ಪದನೀರು (ಅದೇ ತಾಳೆಯ ನೀರಾ), ತಾಟಿನುಂಗೂ ಸಿಗುತ್ತವೆ. ಸುಣ್ಣ ಬಳಿದ ಗಡಿಗೆಯಲ್ಲಿ ಇಳಿಸಿದ ಪದನೀರು ಬೆಳಗಿನ ಹೊತ್ತು ಸಿಹಿ, ಹೊತ್ತೇರಿದರೆ ಹುಳಿ.

ಅಲ್ಲಿಂದ ಮಣಪ್ಪಾಡು ಹತ್ತಿರ. ಮರಳುಗುಡ್ಡದ ತುದಿಯಲ್ಲಿ ಹೋಲಿ ಕ್ರಾಸ್ ಚರ್ಚ್, ಕೆಳಗೆ ಕಡಲು. ಓಣಿಗಳು ಇಕ್ಕಟ್ಟು, ಕಾರು ಊರಿನ ಹೊರಗೇ ಬಿಡಿ. ಮುಂದೆ ಉವರಿಯಲ್ಲಿ ಹಡಗಿನ ಆಕಾರದ ಚರ್ಚ್. ಕುಲಶೇಖರಪಟ್ಟಣದಲ್ಲಿ ಇಸ್ರೊ ಉಡಾವಣಾ ಕೇಂದ್ರಕ್ಕೆ 2024ರಲ್ಲಿ ಶಂಕುಸ್ಥಾಪನೆಯಾಗಿದೆ, ಮುಂದೆ ಕೂಡಂಕುಳಂ ಅಣು ವಿದ್ಯುತ್ ಸ್ಥಾವರ. ಈ ಎರಡೂ ಕಡೆ ಕ್ಯಾಮೆರಾ ಒಳಗಿಡಿ. ಡ್ರೋನನ್ನು ಮನೆಯಲ್ಲೇ ಬಿಟ್ಟು ಬನ್ನಿ. ಸಂಜೆ ಕನ್ಯಾಕುಮಾರಿ.

ಆರು, ಏಳನೇ ದಿನ: ವಾಪಸು

ಕನ್ಯಾಕುಮಾರಿಯಿಂದ ಒಂದೇ ದಿನದಲ್ಲಿ ಮೈಸೂರಿಗೆ ಬರುವ ಹಟ ಬೇಡ. ಒಟ್ಟು ದಾರಿ ಸುಮಾರು 600 ಕಿ.ಮೀ., ಓಡಿಸಿ ದಣಿದ ಚಾಲಕರು ಕತ್ತಲಾಗುವ ಹೊತ್ತಿಗೆ ದಿಂಬಂ ಬುಡ ಸೇರುತ್ತಾರೆ. ಆರನೇ ದಿನ ತಿರುನೆಲ್ವೇಲಿ, ಮಧುರೈ ದಾಟಿ ದಿಂಡಿಗಲ್‌ನಲ್ಲಿ ತಂಗಿ. ಏಳನೇ ದಿನ ಮಧ್ಯಾಹ್ನದೊಳಗೆ ಬಣ್ಣಾರಿ. ಈಗ ಏರುದಾರಿ, ತಾಪದ ಮುಳ್ಳು ಮೇಲೇರಿದರೆ ಎಸಿ ಆರಿಸಿ. ಹೆದ್ದಾರಿಯಲ್ಲಿ ಕೈಕೊಟ್ಟರೆ 1033, ಬೇರೆ ತುರ್ತಿಗೆ 112.

ಮನೆ ಸೇರಿದ ವಾರದಲ್ಲೇ ತಳಭಾಗವನ್ನು ಇನ್ನೊಮ್ಮೆ ತೊಳೆಸಿ, ಚಕ್ರ ಬಿಚ್ಚಿಸಿ ಬ್ರೇಕ್ ಕ್ಯಾಲಿಪರ್ ಹತ್ತಿರದ ಮರಳು ತೆಗೆಸಿ. ಕಾರು ಎರಡು ದಿನ ನಿಂತ ಮೇಲೆ ಬ್ರೇಕ್ ಒತ್ತಿದಾಗ ಬರುವ ಮೊದಲ ಕರಕರ ಸದ್ದು ಡಿಸ್ಕಿನ ಮೇಲಿನ ತುಕ್ಕು, ನಾಲ್ಕೈದು ಸಲ ಒತ್ತಿದರೆ ಹೋಗುತ್ತದೆ. ಹೋಗದಿದ್ದರೆ ಪ್ಯಾಡಿನಲ್ಲಿ ಮರಳು ಸಿಕ್ಕಿದೆ ಎಂದೇ ಅರ್ಥ. ಏರ್ ಫಿಲ್ಟರ್ ಮತ್ತು ಎಸಿ ಫಿಲ್ಟರ್ ಕೆಂಪಾಗಿರುತ್ತವೆ, ಗಾಳಿ ಊದಿಸಿ ಮತ್ತೆ ಹಾಕುವ ಬದಲು ಹೊಸದನ್ನೇ ಹಾಕಿಸಿ.